ಸದ್ದು ಒಡೆದರೆ ಮೊದಲು ಗೇನ್ ನೋಡಿ

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ರೆಕಾರ್ಡಿಂಗ್ ಗ್ರೂಪಿನಲ್ಲಿ ನಾಲ್ಕೈದು ಮಂದಿ ಒಡೆದ ಆಡಿಯೋ ಹಾಕಿ "ಮೈಕ್ ಹೋಯ್ತಾ?" ಎಂದು ಕೇಳಿದ್ದೀರಿ. ಹೊಸ ಮೈಕಿಗೆಂದು ಉಡುಪಿ ಪೇಟೆಗೆ ಹೊರಡುವ ಮೊದಲು ಇದನ್ನು ಓದಿ ಮಾರಾಯ್ರೆ.

ರೆಕಾರ್ಡ್ ಆದ ಫೈಲನ್ನು ಮೊಬೈಲಲ್ಲಿ ಹಾಕಿ ಕೇಳಿ. ಅಲ್ಲಿ ಚೆನ್ನಾಗಿದ್ದರೆ ತೊಂದರೆ ನಿಮ್ಮ ಹೆಡ್‌ಫೋನ್ ಕಡೆಯದ್ದು. ಅಲ್ಲೂ ಒಡೆದಿದ್ದರೆ ಮೈಕ್, ಕೇಬಲ್, ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ.

ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಗೇನ್‌ನದ್ದೇ, ಅಂದರೆ ಒಳಗೆ ಬರುವ ಸದ್ದನ್ನು ಎಷ್ಟು ಹೆಚ್ಚಿಸಬೇಕು ಎಂದು ಹೊಂದಿಸುವ ನಾಬಿನದ್ದು. ಅದರಲ್ಲೂ ಚೆಂಡೆ! ಭಾಗವತರ ಸ್ವರಕ್ಕೆ ಹೊಂದಿಸಿದ ಗೇನ್‌ನಲ್ಲಿ ಚೆಂಡೆಯ ಮೊದಲ ಪೆಟ್ಟಿಗೇ ಸದ್ದು ಮಿತಿ ಮೀರಿತು ಎನ್ನುವ ಕೆಂಪು ದೀಪ ಹತ್ತುತ್ತದೆ. ಒಳಗೆ ಬರುವಾಗಲೇ ಒಡೆದದ್ದನ್ನು ಆಮೇಲೆ ಫೇಡರ್ (ಮಿಕ್ಸ್ ಮಾಡುವಾಗ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಇಳಿಸಿ ಸರಿ ಮಾಡಲು ಆಗುವುದಿಲ್ಲ. ಒಡೆದ ಸದ್ದೇ ಮೆಲ್ಲಗೆ ಕೇಳುತ್ತದೆ, ಅಷ್ಟೆ. ಹಾಗಾಗಿ ಮೊದಲೇ ಜಾಸ್ತಿ ಜೋರಾಗಿ ಬಾರಿಸಲು ಹೇಳಿ, ಮೀಟರ್ -10 ಡಿಬಿ ದಾಟದಂತೆ ಗೇನ್ ಇಡಿ. ಸೆಟ್ಟಿಂಗಿನಲ್ಲಿ 24 ಬಿಟ್ (ಮೆಲುಸದ್ದನ್ನೂ ಚೆನ್ನಾಗಿ ಹಿಡಿಯುವ ಗುಣಮಟ್ಟ) ಆರಿಸಿ ರೆಕಾರ್ಡ್ ಮಾಡಿದರೆ ಇಷ್ಟು ಕಡಿಮೆ ಇಟ್ಟರೂ ನಷ್ಟವಿಲ್ಲ. ಪೂರ್ತಿ ಇಳಿಸಿದರೂ ಒಡೆಯುತ್ತದಾ? ಒಳಬರುವ ಸದ್ದನ್ನು ತಗ್ಗಿಸುವ ಪ್ಯಾಡ್ ಗುಂಡಿ ಇದ್ದರೆ ಒತ್ತಿ. ಇಲ್ಲದಿದ್ದರೆ ಮೈಕನ್ನು ಮೂರಡಿ ಹಿಂದೆ ಇಡಿ.

ಸಂಗೀತದ ಕೀಬೋರ್ಡನ್ನು ಮೈಕ್ ಇನ್‌ಪುಟ್‌ಗೆ ಚುಚ್ಚಬೇಡಿ, ಜೋರು ಸಿಗ್ನಲ್‌ಗೆಂದೇ ಇರುವ ಲೈನ್ ಇನ್‌ಪುಟ್‌ಗೆ ಹಾಕಿ.

ಕೆಂಪು ದೀಪ ಹತ್ತದೆ ಸುಮ್ನೆ ಚಟಪಟ ಅನ್ನುತ್ತಿದ್ದರೆ ಅದು ಬೇರೆ ಕಾಯಿಲೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಸೆಟ್ಟಿಂಗಿನಲ್ಲಿ ಬಫರನ್ನು (ಕಂಪ್ಯೂಟರ್ ಒಂದು ಸಲಕ್ಕೆ ಹಿಡಿದಿಡುವ ಸದ್ದಿನ ಗಾತ್ರ) 128ರಿಂದ 512ಕ್ಕೆ ಏರಿಸಿ, ಕೇಬಲ್ ಅಲುಗಾಡಿಸಿ ನೋಡಿ.

ಇನ್ನು ಮುಂದೆ ಆಡಿಯೋ ಜೊತೆ ಗೇನ್ ನಾಬಿನ ಫೋಟೋ ಕೂಡ ಹಾಕಿ. ಫೈಲನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸ್ಪೀಕರಿನ ಎದುರು ಮೊಬೈಲ್ ಹಿಡಿದು ವಾಯ್ಸ್ ಮೆಸೇಜ್ ಕಳಿಸಿದರೆ ಯಾವುದು ಒಡೆದದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ.