ಕೊಪ್ಪಂ ಯುದ್ಧ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗೀ,

ನಿನ್ನ ಕಾದಂಬರಿಯಿಂದ ನೀನು ಕಳಿಸಿದ ಐದು ಅಧ್ಯಾಯ ಓದಿದೆ. ಚಾಲುಕ್ಯರಿಗೂ ಚೋಳರಿಗೂ ನಡೆದ ಕೊಪ್ಪಂ ಯುದ್ಧದ ಅಧ್ಯಾಯವನ್ನಂತೂ ಎರಡು ಸಲ ಓದಿದೆ. ನಿನ್ನ ಬರವಣಿಗೆಯಲ್ಲಿ ಕಸುವಿದೆ. ಆದರೆ ಆ ಅಧ್ಯಾಯದಲ್ಲಿ ಸತ್ತ ಚೋಳ ಸೈನಿಕರಲ್ಲಿ ಒಬ್ಬನಿಗೂ ಮುಖವಿಲ್ಲ. ಅದು ನನ್ನನ್ನು ತುಂಬಾ ಕಾಡಿತು.

ಆಹವಮಲ್ಲ ಸೋಮೇಶ್ವರ ಕಲ್ಯಾಣದ ಚಾಲುಕ್ಯ ದೊರೆ. ನಿನಗೆ ಅವನ ಮೇಲೆ ಅಭಿಮಾನ ಇರುವುದು ಸಹಜ, ನನಗೂ ಇದೆ. ರಾಜಾಧಿರಾಜ, ಎರಡನೇ ರಾಜೇಂದ್ರ, ವೀರರಾಜೇಂದ್ರ ಈ ಮೂವರು ಚೋಳ ದೊರೆಗಳೂ ಅಣ್ಣತಮ್ಮಂದಿರು. ಒಬ್ಬನಾದ ಮೇಲೆ ಒಬ್ಬ ಬಂದರು, ಸೋಮೇಶ್ವರ ಮೂವರ ಜೊತೆಗೂ ಕಾದಾಡಿದ. ಆದರೆ ಜಗಳ ಯಾಕೆ ಹುಟ್ಟಿತು ಎಂಬುದನ್ನು ನೀನು 'ಗಡಿ ತಂಟೆ' ಎಂದು ಎರಡೇ ಪದದಲ್ಲಿ ಮುಗಿಸಿದ್ದೀಯ. ಎರಡೂ ಕಡೆಯವರು ಹಿಡಿತಕ್ಕಾಗಿ ಕಿತ್ತಾಡಿದ, ಕೃಷ್ಣಾ, ಗೋದಾವರಿ ನಡುವಿನ ವೆಂಗಿ ನಾಡನ್ನು ನೋಡು. ಅಲ್ಲಿನ ರಾಜರಾಜ ನರೇಂದ್ರ ಹುಟ್ಟಿದ್ದು ಪೂರ್ವ ಚಾಲುಕ್ಯರ ವಂಶದಲ್ಲಿ. ತಾಯಿ ರಾಜರಾಜ ಚೋಳನ ಮಗಳು, ಹೆಂಡತಿ ರಾಜೇಂದ್ರ ಚೋಳನ ಮಗಳು. ಹೆಸರು ಒಂದು ಕಡೆ, ನಂಟು ಇನ್ನೊಂದು ಕಡೆ. ಇಂಥ ಮನೆತನದ ತೊಡಕು ನಮ್ಮ ಊರುಗಳಲ್ಲಿ ನಿನಗೆ ಗೊತ್ತಿಲ್ವಾ? ಆ ಹೆಣ್ಣುಮಕ್ಕಳು ಏನು ಮಾತಾಡಿಕೊಂಡಿರಬಹುದು, ಒಂದು ರಾತ್ರಿ ಕೂತು ಬರೆ.

ಶಾಸನ ಓದುವಾಗ ಎರಡೂ ಕಡೆಯದನ್ನು ಓದು. ಗದಗ ಸೀಮೆಯ ಗಾವರವಾಡದ ಶಾಸನವಿದೆ. ಚೋಳ ದೊರೆ ಆ ಸೀಮೆಯ ಬೆಳ್ವೊಲ ನಾಡಿಗೆ ನುಗ್ಗಿ ಗುಡಿ ಬಸದಿಗಳನ್ನು ಸುಟ್ಟ ಎಂದು ಅದು ಸಿಟ್ಟಿನಿಂದ ಹೇಳುತ್ತದೆ. ಕೊನೆಗೆ ಯುದ್ಧದಲ್ಲಿ ಅವನೇ ತಲೆ ಒಪ್ಪಿಸಿದ ಎನ್ನುತ್ತದೆ. ಆ ತಲೆ ರಾಜಾಧಿರಾಜನದು. 1054ರಲ್ಲಿ ಕೊಪ್ಪಂನಲ್ಲಿ ಅವನು ಆನೆಯ ಮೇಲೆಯೇ ಸತ್ತ. ತಮಿಳು ಶಾಸನಗಳು ಅವನನ್ನು 'ಆನೆಯ ಮೇಲೆ ಮಲಗಿದ ದೇವರು' ಎಂದು ಕರೆದವು. ಎಷ್ಟು ಮೆಲ್ಲನೆ ಹೇಳಿದ್ದಾರೆ ನೋಡು! ಅವನ ತಮ್ಮ ಎರಡನೇ ರಾಜೇಂದ್ರ ರಣರಂಗದಲ್ಲೇ ಕಿರೀಟ ಹೊತ್ತು ಕಾಳಗ ಮುಂದುವರಿಸಿದ, ಗೆದ್ದದ್ದು ತಾವೇ ಎಂದು ಕಲ್ಲಿನಲ್ಲಿ ಕೆತ್ತಿಸಿದ. ನಿನ್ನ ಅಧ್ಯಾಯ ರಾಜಾಧಿರಾಜ ಬೀಳುವಲ್ಲಿಗೇ ನಿಂತುಬಿಡುತ್ತದೆ. ನಿಲ್ಲಿಸಬೇಡ. ಅಣ್ಣನ ಹೆಣ ಕಣ್ಣೆದುರೇ ಇರುವಾಗ ತಲೆಗೆ ಕಿರೀಟ ಏರಿಸಿಕೊಂಡವನ ಹತ್ತಿರ ಹೋಗು.

ತಂಜಾವೂರಿಗೆ ಒಮ್ಮೆ ಹೋಗಿ ಬಾ. ಅಲ್ಲಿ ಒಂದು ದ್ವಾರಪಾಲಕನ ವಿಗ್ರಹವಿದೆ. ಕಲ್ಯಾಣವನ್ನು ಹಾಳುಗೆಡವಿ ತಂದದ್ದು ಎಂದು ಅದರ ಮೇಲೆ ತಮಿಳಿನಲ್ಲಿ ಕೆತ್ತಿದ್ದಾರೆ. ನಮ್ಮ ಬಾಗಿಲು ಕಾಯುತ್ತಿದ್ದವನು ಅಲ್ಲಿ ನಿಂತಿದ್ದಾನೆ. ಅವನ ಮುಂದೆ ನಿಂತಾಗ ನನಗೆ ಸಿಟ್ಟು ಬರಲಿಲ್ಲ, ಗಂಟಲು ಕಟ್ಟಿತು. ಅಷ್ಟು ಭಾರದ ಕಲ್ಲನ್ನು ಅಷ್ಟು ದೂರ ಎಳೆದ ಎತ್ತುಗಳು, ದಾರಿಯಲ್ಲಿ ಅವುಗಳಿಗೆ ಮೇವು ಕೊಡಬೇಕಾದ ಹಳ್ಳಿಗಳು, ಇವೇ ಕಣ್ಣ ಮುಂದೆ ಬಂದವು. ನಿನಗೆ ಬೇಕಾದ ಅಧ್ಯಾಯ ಅದು. ಯಾರೂ ಸಾಯದ, ಬರೀ ಬಂಡಿ ಸಾಗುವ ಅಧ್ಯಾಯ.

ಒಂದು ಸಣ್ಣ ತಿದ್ದುಪಡಿ. ಬಿಡಾರದಲ್ಲಿ ಸೈನಿಕರು ಜೋಳದ ರೊಟ್ಟಿ ತಿನ್ನಲಿ, ಆದರೆ ಕೆಂಪು ಮೆಣಸಿನಕಾಯಿ ಚಟ್ನಿ ತೆಗೆದುಬಿಡು. ಮೆಣಸಿನಕಾಯಿ ತಂದ ಪೋರ್ಚುಗೀಸರು ಬರಲು ಇನ್ನೂ 400 ವರ್ಷಕ್ಕಿಂತ ಜಾಸ್ತಿ ಇತ್ತು. ಖಾರಕ್ಕೆ ಕರಿಮೆಣಸು ಸಾಕು.

ಕೊನೆಯ ಅಧ್ಯಾಯದ ಬಗ್ಗೆ. ವಾಸಿಯಾಗದ ಜ್ವರದಿಂದ ನರಳಿದ ಸೋಮೇಶ್ವರ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಅವನನ್ನು ಉಕ್ಕುವ ಹೊಳೆಗೆ ಹಾರಿಸುವ ಯೋಚನೆ ಇದೆ ಎಂದು ನೀನು ಬರೆದಿದ್ದೆ. ಅದು ಮಾರ್ಚ್ ತಿಂಗಳ ಕೊನೆ. ಹೊಳೆ ಉಕ್ಕುವ ಕಾಲವಲ್ಲ. ಅವನ ಮಗ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ಹೇಳುವಂತೆ, ಅವನು ಕತ್ತಿನ ತನಕ ನೀರು ಬರುವವರೆಗೆ ನಡೆದು ಹೋದ. ಬೇಸಿಗೆಯ ಹೊಳೆಯಲ್ಲಿ ಕತ್ತಿನ ಮಟ್ಟದ ನೀರು ಸಿಗಬೇಕಾದರೆ ಜ್ವರದ ಮೈ ಎಷ್ಟು ಹೆಜ್ಜೆ ಹಾಕಬೇಕಾಯಿತೋ! ಈ ಮಾರ್ಚ್‌ನಲ್ಲಿ ಕುರುವತ್ತಿಗೆ ಹೋಗು. ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನೋಡಿಕೊಂಡು ದಡಕ್ಕೆ ಇಳಿ. ಮರಳು ಎಲ್ಲಿಯವರೆಗಿದೆ, ನೀರು ಎಲ್ಲಿಂದ ಶುರು ಎಂದು ನನಗೆ ಬರೆದು ತಿಳಿಸು.

ನಿನ್ನ ಅಣ್ಣ