ಹಳೇ ಕಟ್ಟಡ ಕೆಡವ್ಬೇಡಿ, ಲ್ಯಾಬ್ ಮಾಡಿ

ಸಂಪಾದಕರಿಗೆ ನಮಸ್ಕಾರ,

ಪರಿಸರ ಕಲೀಲಿಕ್ಕೆ ನಮ್ಮ ಕಾಸರಗೋಡಿಗಿಂತ ಬೇರೆ ಜಾಗ ಬೇಕಾ ಮಾರಾಯ್ರೆ, ಗೇರು ತೋಟಗಳ ಮೇಲೆ 2000ರವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಇಲ್ಲೇ, ಗುಡ್ಡೆ ಕೊರೆದು ನೀರು ತರುವ ಸುರಂಗಗಳೂ ಇಲ್ಲೇ ಉಂಟು. ಪೆರಿಯದಲ್ಲಿ ಕೇಂದ್ರ ವಿಶ್ವವಿದ್ಯಾಲಯ ಬೇರೆ ಉಂಟು. ಹಾಗಾಗಿ ಯೂನಿವರ್ಸಿಟಿಗಳ ಹಳೇ ಕಟ್ಟಡ ಎಲ್ಲಾದ್ರೂ ಖಾಲಿ ಬಿದ್ದಿದ್ರೆ ಅದನ್ನ ಕೆಡವಿ ಗಾಜಿನ ಬಿಲ್ಡಿಂಗ್ ಕಟ್ಟುವ ಬದಲು (ನಮ್ಮ ಸೆಕೆಗೆ ಗಾಜು ಯಾಕೋ!) ರಿಪೇರಿ ಮಾಡಿ ಮಣ್ಣು, ನೀರು ಟೆಸ್ಟ್ ಮಾಡುವ ಲ್ಯಾಬ್, ಕ್ಲಾಸ್‌ರೂಮ್ ಮಾಡ್ಲಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು ಇದ್ರೆ ಹಾಗೇ ಇರ್ಲಿ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, 100 ಚದರ ಮೀಟರ್ ಮಾಡಿನ ಮೇಲೇ ಸುಮಾರು 3 ಲಕ್ಷ ಲೀಟರ್ ನೀರು ಬೀಳ್ತದೆ, ಆದ್ರೂ ಏಪ್ರಿಲಲ್ಲಿ ಟ್ಯಾಂಕರ್ ಕಾಯೋದು. ಅದೇ ಮೊದಲ ಪಾಠ ಆಗ್ಲಿ, ಕನ್ನಡದಲ್ಲೂ ಹೇಳಿಕೊಡ್ಲಿ.

– ಒಬ್ಬ ಓದುಗ, ಬದಿಯಡ್ಕ