ಗಿಗಾಂಟ್ ಬಗ್ಗೆ ಬರೆಯುವ ಮುನ್ನ ತೂಕದ ಲೆಕ್ಕ ಹಾಕಿ

ಪ್ರಿಯ ಮಿತ್ರರೇ,

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಬಳಸಿದ ದೈತ್ಯ ಸಾಗಣೆ ವಿಮಾನ ಮೆಸ್ಸರ್‌ಶ್ಮಿಟ್ 323 'ಗಿಗಾಂಟ್' ಕುರಿತ ನಿಮ್ಮ ಕರಡು ಓದಿದೆ. ಓದಿಸಿಕೊಂಡು ಹೋಗುತ್ತದೆ. ಆದರೆ ಅದು ಟೈಗರ್ ಟ್ಯಾಂಕ್ ಹೊತ್ತು ಟ್ಯುನೀಶಿಯಾಕ್ಕೆ ಹಾರಿತು ಎಂದಿದ್ದೀರಲ್ಲ, ಆ ಸಾಲು ತೆಗೆದುಬಿಡಿ. ಟೈಗರ್ ತೂಗುತ್ತಿದ್ದುದು ಸುಮಾರು 57 ಟನ್. ಗಿಗಾಂಟ್ ಹೊಟ್ಟೆ ತುಂಬಿಕೊಂಡು ನೆಲ ಬಿಡುವಾಗಲೇ ಸುಮಾರು 43 ಟನ್. ಅದರಲ್ಲಿ 27 ಟನ್ ಖಾಲಿ ವಿಮಾನದ್ದೇ. ಉಳಿದದ್ದರಲ್ಲಿ ಇಂಧನ, ಬಂದೂಕು, ಸಿಬ್ಬಂದಿ ಕಳೆದರೆ ಸರಕಿಗೆ ದಕ್ಕುವುದು 10–12 ಟನ್. ಟೈಗರ್‌ಗಳು ಆಫ್ರಿಕಾಕ್ಕೆ ಹೋದದ್ದು ಹಡಗಿನಲ್ಲಿ.

ಗಾತ್ರ ಕಂಡು ಬೆರಗಾಗುವುದು ಸಹಜ. ಆದರೆ ಈ ವಿಮಾನದ ಕಥೆಯೆಲ್ಲ ಇರುವುದು ತೂಕದಲ್ಲಿ. ಬ್ರಿಟನ್ ಮೇಲಿನ ದಾಳಿಗೆಂದು 1940ರಲ್ಲಿ ಕೇಳಿದ್ದು ಟ್ಯಾಂಕು, ಫಿರಂಗಿ ಇಳಿಸಬಲ್ಲ ಗ್ಲೈಡರ್, ಅಂದರೆ ಬೇರೆ ವಿಮಾನ ಎಳೆದೊಯ್ಯುವ, ಎಂಜಿನ್ ಇಲ್ಲದ ವಿಮಾನ. ಹಾಗೆ ಹುಟ್ಟಿದ ಮೆಸ್ಸರ್‌ಶ್ಮಿಟ್ 321, ಗಿಗಾಂಟ್‌ನ ಪೂರ್ವಜ, ಲೈಪ್‌ಹೈಮ್‌ನಲ್ಲಿ 1941ರ ಫೆಬ್ರವರಿ 25ರಂದು ಮೊದಲ ಸಲ ಹಾರಿತು. ರೆಕ್ಕೆಯ ಅಗಲ 55 ಮೀಟರ್, ಹೊರೆ ಸುಮಾರು 20 ಟನ್. ಎಳೆಯುವವರು ಯಾರು? ಮೂರು ಮೆಸ್ಸರ್‌ಶ್ಮಿಟ್ 110 ಯುದ್ಧವಿಮಾನಗಳನ್ನು ಒಟ್ಟಿಗೆ ಕಟ್ಟಿದರು. ನೀವು ಇದನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ದಯವಿಟ್ಟು ಇಲ್ಲಿ ನಿಲ್ಲಿ. ಮೂರರಲ್ಲಿ ಒಂದರ ಎಂಜಿನ್ ಸೊರಗಿದರೂ ಸಾಕು, ಅದರ ಹಗ್ಗ ಸಡಿಲಾಗಿ ಎಳೆತ ಒಂದು ಬದಿಗೆ ವಾಲುತ್ತದೆ. ಮೇಲೇರಲು ಗ್ಲೈಡರ್‌ನ ರೆಕ್ಕೆಯಡಿ ಕಟ್ಟಿದ ರಾಕೆಟ್‌ಗಳು ಒಂದು ಕಡೆ ಹೊತ್ತಿ ಇನ್ನೊಂದು ಕಡೆ ಹೊತ್ತದಿದ್ದರೆ ಗ್ಲೈಡರ್ ತಿರುಚಿಕೊಂಡು ಎಳೆಯುವ ವಿಮಾನಗಳನ್ನೂ ಜೊತೆಗೆ ಎಳೆದುಕೊಂಡು ಬೀಳುತ್ತದೆ. ಆಮೇಲೆ ಎರಡು ಹೈಂಕೆಲ್ 111 ಬಾಂಬರ್ ವಿಮಾನಗಳನ್ನು ನಡುವೆ ಐದನೇ ಎಂಜಿನ್ ಇಟ್ಟು ಬೆಸೆದದ್ದು ಈ ಫಜೀತಿಯಿಂದ ಪಾರಾಗಲೆಂದೇ.

ಎಳೆಯುವ ಗೋಜೇ ಬೇಡವೆಂದು ಆಕ್ರಮಿತ ಫ್ರಾನ್ಸ್‌ನ ಆರು ನೋಮ್-ರೋನ್ ಎಂಜಿನ್ ಕೂರಿಸಿದಾಗ 323 ಆಯಿತು. ಹೊರೆ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಎಂಜಿನ್ ಮತ್ತು ಇಂಧನದ ಭಾರ ಅದನ್ನು ತಿಂದುಹಾಕಿತು. ಈ ಒಂದು ಹೋಲಿಕೆ ನಿಮ್ಮ ಲೇಖನದಲ್ಲಿ ಇರಲೇಬೇಕು.

ಇನ್ನು ಹತ್ತಿರದಿಂದ ತೋರಿಸಬೇಕಾದ ಎರಡು ಜಾಗ. ಮೂತಿಯ ಬಾಗಿಲು ಎರಡು ಹೋಳಾಗಿ ಪಕ್ಕಕ್ಕೆ ತೆರೆದರೆ ಲಾರಿಯನ್ನು ಹಾಗೆಯೇ ಒಳಗೆ ಓಡಿಸಬಹುದಿತ್ತು. ಪಕ್ಕದ ಬಾಗಿಲಿನ ಯುಂಕರ್ಸ್ 52 ಎಂಬ ಜರ್ಮನಿಯ ಇನ್ನೊಂದು ಸಾಗಣೆ ವಿಮಾನದಲ್ಲಿ ಅದು ಆಗದ ಮಾತು. ಇನ್ನೊಂದು, ರೆಕ್ಕೆಯೊಳಗಿನ ಪುಟ್ಟ ಗೂಡು. ಎಡಕ್ಕೊಬ್ಬ, ಬಲಕ್ಕೊಬ್ಬ ಫ್ಲೈಟ್ ಎಂಜಿನಿಯರ್ ಎಂಜಿನ್‌ಗಳ ನಡುವೆಯೇ ಕುಳಿತು ತನ್ನ ಪಾಲಿನ ಮೂರನ್ನು ಕಾಯುತ್ತಿದ್ದ. ಅವನನ್ನು ಬಿಟ್ಟು ಬರೆದರೆ ವಿಮಾನ ಬರೀ ಕಬ್ಬಿಣವಾಗುತ್ತದೆ. ಕಬ್ಬಿಣವೂ ಅಲ್ಲ ಅನ್ನಿ: ಉಕ್ಕಿನ ಕೊಳವೆಯ ಹಂದರ, ಮೇಲೆ ಮರ ಮತ್ತು ಬಟ್ಟೆ.

ಆ ಬಟ್ಟೆಯನ್ನು ಗುಂಡು ತೂರಿಕೊಂಡು ಹೋದರೆ ವಿಮಾನ ತಡೆದುಕೊಳ್ಳುತ್ತಿತ್ತು. ಒಳಗೆ ಪೆಟ್ರೋಲ್ ಇದ್ದರೆ ಇಲ್ಲ. 1943ರ ಏಪ್ರಿಲ್ 22ರಂದು ಟ್ಯುನೀಶಿಯಾದ ಭೂಶಿರ ಕೇಪ್ ಬಾನ್ ಬಳಿ, ಮಿತ್ರರಾಷ್ಟ್ರಗಳ ಯುದ್ಧವಿಮಾನಗಳ ದಾಳಿಗೆ ಸಿಕ್ಕಿ, ಗಂಟೆಗೆ 220 ಕಿ.ಮೀ. ಆಸುಪಾಸಿನ ವೇಗದಲ್ಲಿ ಇಂಧನ ಹೊತ್ತು ಬರುತ್ತಿದ್ದ ಗಿಗಾಂಟ್‌ಗಳ ದಂಡಿನಲ್ಲಿ ಬಹುಪಾಲು ಉರಿದು ಸಮುದ್ರಕ್ಕೆ ಬಿದ್ದವು. ಹೊಡೆದವರ ವರದಿಯ ಸಂಖ್ಯೆಯನ್ನು ಇಲ್ಲಿ ನಂಬಬೇಡಿ. ಒಂದೇ ವಿಮಾನಕ್ಕೆ ನಾಲ್ವರು ಗುಂಡು ಹಾರಿಸಿದರೆ ನಾಲ್ವರೂ ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡಿರುತ್ತಾರೆ. ಕಳೆದುಕೊಂಡ ದಳದ ದಾಖಲೆಯಿಂದ ಎಣಿಸಿ. ಸತ್ತ ಸಿಬ್ಬಂದಿಯ ಸಂಖ್ಯೆಯನ್ನು ವಿಮಾನಗಳ ಸಂಖ್ಯೆಗಿಂತ ಮೊದಲು ಹಾಕಿ.

ತಿದ್ದಿದ ಕರಡನ್ನು ಕಳಿಸಿ, ಕಾಯುತ್ತಿರುತ್ತೇನೆ.